ಕೊಲುಸಕ್ಕನಿಗೆ ಬಾರದ ತಮಿಳು

ಹೋದ ಮಂಗಳವಾರ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಬಂದು ಕೂತಳು. ಮುಖ ನೋಡುವ ಮೊದಲೇ ಮೂಗಿಗೆ ಬಡಿದದ್ದು ಅಂಟುವಾಳದ ವಾಸನೆ. ಕುದಿಸಿದ ಅಂಟುವಾಳ ಕಾಯಿಯ ನೊರೆ, ಅದರ ಜೊತೆಗೆ ಒಂದಿಷ್ಟು ಹುಳಿ, ಒಂದಿಷ್ಟು ಲೋಹ... ಬೆಳ್ಳಿ ಕಾಲುಗೆಜ್ಜೆ ಉಜ್ಜುವವರ ಕೈಗೆ ಮಾತ್ರ ಬರುವ ವಾಸನೆ ಅದು. ಯಾವ ಸೋಪು ಹಾಕಿ ತೊಳೆದರೂ ಹೋಗುವುದಿಲ್ಲ. ಅವಳ ಕೈ ನೋಡಿದೆ. ಉಗುರಿನ ಸುತ್ತ ಕಪ್ಪು ಗೆರೆ. ಆ ಕೈ ಓ.ಪಿ. ಚೀಟಿಯನ್ನು ನಾಲ್ಕಾಗಿ ಮಡಚಿ, ಎಂಟಾಗಿ ಮಡಚಿ, ಇನ್ನು ಮಡಚಲಾಗದೆ ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು.

"ಯಾವ ಡಾಕ್ಟ್ರನ್ನ ನೋಡಬೇಕಮ್ಮ?" ಎಂದು ಕೇಳಿದೆ.

"ಶುಗರ್‌ಗೆ ಅಜ್ಜಿ," ಎಂದಳು ಥಟ್ಟನೆ.

ನನಗೆ ನಗು ಬಂತು. ಶುಗರ್ ನೋಡುವ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿದೆ. ನಾವು ಕೂತಿದ್ದದ್ದು 'ಮನನಲ ಪಿರಿವು' ಎಂದು ತಮಿಳಿನಲ್ಲಿ ಬರೆದ ಬೋರ್ಡಿನ ಕೆಳಗೆ. ಮನಸ್ಸಿನ ಕಾಯಿಲೆಗೆ ನೋಡುವ ಜಾಗ. ಇಲ್ಲಿಗೆ ಬರುವ ನಮ್ಮ ಕಡೆಯ ಹೆಂಗಸರೆಲ್ಲ ಶುಗರ್‌ಗೆ ಬಂದಿದ್ದೇವೆ ಅಂತಲೇ ಹೇಳುವುದು. ಶುಗರ್ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಇಟ್ ಈಸ್ ಎ ವೆರಿ ರೆಸ್ಪೆಕ್ಟಬಲ್ ಡಿಸೀಸ್. ಹನ್ನೆರಡು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಕೂತು ನಾನೂ ಹಾಗೇ ಅಂದಿದ್ದೆ. ಆಗ ನನ್ನ ಪಕ್ಕದಲ್ಲಿ ಕೂತಿದ್ದವಳ ಕೈಯಿಂದಲೂ ಇದೇ ವಾಸನೆ ಬರುತ್ತಿತ್ತು...

ಅವಳನ್ನು ನಮ್ಮ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಕೊಲುಸಕ್ಕ ಎಂದು. ಕಾಲುಗೆಜ್ಜೆಗೆ ನಮ್ಮ ಕಡೆ ಕೊಲುಸು ಅನ್ನುತ್ತಾರೆ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ಆದರೂ ಬೀದಿಯ ಮಕ್ಕಳ ಜೊತೆ ಸೇರಿ ನಾನೂ ಅಕ್ಕ ಅನ್ನುತ್ತಿದ್ದೆ. ತಮಿಳುನಾಡಿನ ಸೇಲಂ ಪಕ್ಕದ ಓಮಲೂರಿನಲ್ಲಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿರುವ ಒಂದು ಕಟ್ಟಡ. ಅದರ ಮೂರನೆಯ ಪೋರ್ಷನ್ ನಮ್ಮದು, ನಾಲ್ಕನೆಯದು ಅವಳದು. ನಡುವೆ ಒಂದೇ ಗೋಡೆ. ಅವಳ ಗಂಡ ಸಾಬುದಾನಿ ಮಾಡುವ ಜವ್ವರಿಸಿ ಮಿಲ್ಲಿಗೆ ಹೋಗುತ್ತಿದ್ದ. ಸೇಲಂನಿಂದ ಬರುವ ಕೊಲುಸುಗಳನ್ನು ಅವಳು ಬಾಗಿಲ ಬಳಿ ಕೂತು ಅಂಟುವಾಳದ ನೊರೆಯಲ್ಲಿ ಅದ್ದಿ, ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಉಜ್ಜುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಸರಕ್ ಸರಕ್ ಎಂಬ ಆ ಸದ್ದು ಗೋಡೆ ದಾಟಿ ಬರುತ್ತಿತ್ತು. ಮೊದಮೊದಲು ನನಗೆ ತಲೆನೋವು. ಆಮೇಲೆ ಅದಿಲ್ಲದಿದ್ದರೆ ತಲೆನೋವು.

ಅವಳ ತವರು ನಂಗವಳ್ಳಿಯ ಆಚೆ, ಕುರಿ ಸಾಕುವವರ ಮನೆ. ಸ್ಕೂಲಿನ ಮುಖ ಕಂಡವಳಲ್ಲ. ನಾನೋ, ಸೇಲಂನಲ್ಲಿ ರೈಲ್ವೆ ಕ್ಲರ್ಕನ ಮಗಳು, ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಅಕ್ಷರ ನನಗೆ ಬಂದದ್ದು ಅಮ್ಮನಿಂದ, ಅಡುಗೆಮನೆಯ ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಉಳಿದದ್ದೆಲ್ಲ ಕಲಿಸಿದವರು ನನ್‌ಗಳು. ಫೋರ್ಕ್ ಹಿಡಿಯುವುದು, ಎಸ್ಸೇ ಬರೆಯುವುದು, ನೋವಾದರೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದು. "ಯಂಗ್ ಲೇಡೀಸ್ ಡು ನಾಟ್ ವೀಪ್ ಇನ್ ಕಾರಿಡಾರ್ಸ್," ಅನ್ನುತ್ತಿದ್ದರು ಕಾನ್ವೆಂಟಿನ ಮದರ್. ಆ ಪಾಠವನ್ನು ಐವತ್ತು ವರ್ಷ ಚೆನ್ನಾಗಿಯೇ ಒಪ್ಪಿಸಿದೆ.

ನಾನೂ ನನ್ನ ತಂಗಿಯೂ ಮದುವೆಯಾಗಲಿಲ್ಲ. ಒಂದೇ ಪ್ರೈವೇಟ್ ಸ್ಕೂಲಿನಲ್ಲಿ ಟೀಚರ್‌ಗಳಾಗಿದ್ದೆವು, ಒಂದೇ ಮನೆ, ಸಂಜೆಗೆ ಒಂದೇ ಟ್ಯೂಷನ್. ನಾನು ಇಂಗ್ಲಿಷ್, ಅವಳು ಮ್ಯಾಥ್ಸ್. ಒಂದು ಭಾನುವಾರ ಮಧ್ಯಾಹ್ನ, ಊಟ ಮಾಡಿ ತಟ್ಟೆ ತೊಳೆದಿಟ್ಟು, "ಸ್ವಲ್ಪ ಸುಸ್ತು" ಎಂದು ಮಲಗಿದವಳು ಏಳಲಿಲ್ಲ.

ನಾನು ಅಳಲಿಲ್ಲ. ಬಂದವರಿಗೆ ಕಾಫಿ ಮಾಡಿಕೊಟ್ಟೆ. ಎಲ್ಲರೂ ಹೋದ ಮೇಲೆ, ಒಂದೊಂದಾಗಿ ಎಲ್ಲ ನಿಂತಿತು. ಮೊದಲು ನಿದ್ದೆ, ಆಮೇಲೆ ಹಸಿವು. ಟ್ಯೂಷನ್ ಮಕ್ಕಳಿಗೆ "ನೆಕ್ಸ್ಟ್ ವೀಕ್ ಬನ್ನಿ" ಎಂದು ನಾಲ್ಕು ವಾರ ಹೇಳಿದೆ. ಐದನೆಯ ವಾರ ಅವರೇ ಬರಲಿಲ್ಲ. ಓದಿದವಳಲ್ಲವೇ, ಇದು ಡಿಪ್ರೆಶನ್ ಎಂದು ನನಗೆ ಗೊತ್ತಿತ್ತು. ಸೇಲಂನ ಒಂದು ಕ್ಲಿನಿಕ್ಕಿಗೆ ಎರಡು ಸಲ ಹೋಗಿಯೂ ಬಂದೆ. ತಣ್ಣನೆಯ ರೂಮು, ಮೇಜಿನ ಮೇಲೆ ಟಿಶ್ಯೂ ಡಬ್ಬ. ಅಲ್ಲಿನ ಡಾಕ್ಟರಮ್ಮ ಒಳ್ಳೆಯವಳೇ. ಕನಿಷ್ಠ ಹನ್ನೆರಡು ಸಿಟಿಂಗ್ ಬೇಕು ಎಂದಳು. ಪೆನ್ಷನ್ ಇಲ್ಲದ ನನಗೆ ಮೂರನೆಯದಕ್ಕೇ ಗತಿ ಇರಲಿಲ್ಲ. "ಐ ವಿಲ್ ಕಾಲ್ ಯು," ಎಂದು ನಗುತ್ತಾ ಹೊರಗೆ ಬಂದೆ. ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ದಟ್ ಈಸ್ ದಟ್, ದುಡ್ಡಿದ್ದವರಿಗೆ ಮಾತ್ರ ಬಾಗಿಲು ತೆರೆಯುವ ಕಾಯಿಲೆ ಇದು... ಸರ್ಕಾರಿ ಆಸ್ಪತ್ರೆ ಎಂಬುದು ನನ್ನ ತಲೆಗೇ ಬರಲಿಲ್ಲ. ಅದು ಜ್ವರಕ್ಕೆ, ಹೆರಿಗೆಗೆ, ನಾಯಿ ಕಚ್ಚಿದವರಿಗೆ ಎಂದುಕೊಂಡಿದ್ದೆ.

ಅದಾದ ಕೆಲವು ದಿನಕ್ಕೆ ಕೊಲುಸಕ್ಕ ಬಾಗಿಲು ಬಡಿದಳು. ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ಟೀಚರಮ್ಮ, ಮೂರು ದಿನದಿಂದ ನಿನ್ ಕುಕ್ಕರ್ ಕೂಗಿಲ್ಲ."

"ಹಸಿವಿಲ್ಲ ಕೊಲುಸಕ್ಕ. ಬ್ರೆಡ್ ತಿಂದೆ."

ಅವಳು ನನ್ನನ್ನು ದಾಟಿ ಒಳಗೆ ಬಂದಳು. ಅಡುಗೆಮನೆಯ ಮಾಡದ ಮೇಲೆ ಕಣ್ಣಾಡಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನಂಗೊಂದು ಉಪಕಾರ ಆಗ್ಬೇಕು," ಎಂದಳು. "ನಾನು ಮಂಗಳವಾರ ದೊಡ್ಡಾಸ್ಪತ್ರಿಗೆ ಓಗ್ಬೇಕು. ನರದ್ ಡಾಕ್ಟ್ರ ತಾವ. ನಂಗೆ ಅಲ್ಲಿ ಮಾತಾಡಕ್ ಬರಾಕಿಲ್ಲ. ನೀನ್ ಬಂದು ತಮಿಳಾಗೆ ಸೊಲ್ಲಿ ಕೊಡ್ಬೇಕು."

"ನಿನಗೆ ತಮಿಳು ಬರುವುದಿಲ್ಲವೇ? ಕೊಲುಸು ತರುವವರ ಜೊತೆ ದಿನಾ ಜಗಳ ಆಡುತ್ತೀಯಲ್ಲ?"

"ಅದು ಜಗಳದ್ ತಮಿಳು ಟೀಚರಮ್ಮ. ಆಸ್ಪತ್ರಿ ತಮಿಳು ಬ್ಯಾರೆ. ಓದ್ದೋರ್ದು. ಮನ್ಸಿಗೆ ಇಂಗಿಂಗ್ ಆಯ್ತದೆ ಅಂತ ನಾನೆಂಗೆ ಸೊಲ್ಲಲಿ? ಏನೋ ಅನ್ನಾಕ್ ಓಗಿ ಏನೋ ಅಂದ್ರೆ, ಇಡ್ಕೊಂಡು ಕರೆಂಟ್ ಗಿರೆಂಟ್ ಇಟ್ಬುಟ್ರೆ?"

ನಂಬಿದೆ. ನಂಬಲು ನನಗೆ ಹಿತವೂ ಆಗಿತ್ತು, ಸುಳ್ಳೇಕೆ ಹೇಳಲಿ. ಎಷ್ಟೋ ದಿನದ ಮೇಲೆ ಯಾರಿಗೋ ನನ್ನಿಂದ ಒಂದು ಕೆಲಸ ಬೇಕಾಗಿತ್ತು. ಮಂಗಳವಾರ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟೆ. ತಿಂಗಳಾಗಿತ್ತು ಇಸ್ತ್ರಿ ಸೀರೆ ಉಟ್ಟು.

ಆಸ್ಪತ್ರೆಯಲ್ಲಿ ಓದು ಬರುವ ನಾನು ಬೋರ್ಡ್ ಓದಿ ನಿಂತುಬಿಟ್ಟೆ. ಓದು ಬಾರದ ಅವಳು ಸೀದಾ ನಡೆದಳು. ಯಾವ ಕಿಟಕಿಯಲ್ಲಿ ಚೀಟಿ, ಯಾವ ಬೆಂಚು, ಯಾರ ಹಿಂದೆ ಕೂರಬೇಕು, ಎಲ್ಲ ಗೊತ್ತಿದ್ದವಳ ಹಾಗೆ. ಬೆಂಚಿನ ಮೇಲೆ ನಮ್ಮ ಬೀದಿಯ ಕೊನೆಯ ಹೂವಿನವಳು ಕೂತಿದ್ದಳು! ನನ್ನನ್ನು ನೋಡಿ ಅವಳ ಮುಖ ಬಿಳಿಚಿತು, ಅವಳನ್ನು ನೋಡಿ ನನ್ನ ಮುಖ. "ಶುಗರ್‌ಗೆ ಬಂದೆ ಟೀಚರ್," ಎಂದಳು. "ನಾನೂ ಶುಗರ್‌ಗೇ," ಎಂದೆ. ಕೊಲುಸಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಆಗ ನನಗೆ ತಿಳಿಯಲಿಲ್ಲ.

ಒಳಗೆ ಒಂದು ಚಿಕ್ಕ ಕೋಣೆ. ಒಂದು ಮೂಲೆಯಲ್ಲಿ ಲಸಿಕೆ ಇಡುವ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಕೌನ್ಸೆಲರ್ ಇನ್ನೂ ಮೂವತ್ತು ದಾಟದ ಹುಡುಗಿ, ಕೊರಳಲ್ಲಿ ಐ.ಡಿ. ಕಾರ್ಡು. ಕೊಲುಸಕ್ಕನನ್ನು ನೋಡಿ ಅವಳು ಏನೋ ಹೇಳಲು ಬಾಯಿ ತೆರೆದಳು. ಕೊಲುಸಕ್ಕ ಬೇಗಬೇಗ ತಲೆಯಾಡಿಸಿ, ನನ್ನ ಕಡೆ ಕೈ ತೋರಿಸಿ, ಕನ್ನಡದಲ್ಲಿ ಶುರು ಮಾಡಿದಳು.

"ಯೋಳು ಟೀಚರಮ್ಮ. ನಿದ್ದೆ ಬರಾಕಿಲ್ಲ ಅಂತ ಯೋಳು."

ನಾನು ತಮಿಳಿನಲ್ಲಿ ಹೇಳಿದೆ, ಒಳ್ಳೆಯ ಶುದ್ಧ ತಮಿಳಿನಲ್ಲಿ, ಕ್ಲಾಸಿನಲ್ಲಿ ಹೇಳುವ ಹಾಗೆ. ಹುಡುಗಿ ಬರೆದುಕೊಂಡಳು.

"ಬಾಯಿಗ್ ಇಕ್ಕಿದ್ದು ಮಣ್ಣಿದ್ದಂಗೈತೆ ಅಂತ ಯೋಳು."

ಹೇಳಿದೆ.

"ಬೆಳಕ್ ಅರ್ದು ಕಣ್ ಬಿಟ್ರೆ, ಯಾಕ್ ಬಿಟ್ನೋ ಅನ್ನಿಸ್ತದೆ ಅಂತ ಯೋಳು."

ಹೇಳಿದೆ. ಪಾಪ, ಇವಳಿಗೂ ಹೀಗೆಲ್ಲ ಆಗುತ್ತದೆಯೇ, ಗೋಡೆಯ ಆಚೆಯೇ ಇದ್ದು ನನಗೆ ಗೊತ್ತಾಗಲಿಲ್ಲವಲ್ಲ ಅಂದುಕೊಂಡೆ.

ಆಗ ಅವಳು ನನ್ನ ಮುಖ ಬಿಟ್ಟು, ಫ್ರಿಜ್ಜಿನ ಕಡೆ ನೋಡುತ್ತಾ, ಮೆಲ್ಲಗೆ ಅಂದಳು: "ಮನೇಲಿ ಎರಡ್ ತಟ್ಟೆ ಐತೆ. ಒಂದ್ನೇ ತೊಳೀತೀನಿ. ಇನ್ನೊಂದು ಮಾಡದ್ ಮ್ಯಾಗೆ ಧೂಳ್ ಇಡಿದದೆ. ಅದನ್ ಮುಟ್ಟಾಕಾಗಲ್ಲ ಅಂತ ಯೋಳು."

ಎರಡು ತಟ್ಟೆ. ಕೊಲುಸಕ್ಕನ ಮನೆಯಲ್ಲಿ ಗಂಡ, ಇಬ್ಬರು ಗಂಡುಮಕ್ಕಳು, ಅತ್ತೆ. ಅವಳ ಮನೆಯ ತಟ್ಟೆಗಳನ್ನು ಹೊರಗೆ ಬೋರಲು ಹಾಕಿದಾಗ ಒಂದು ಸಾಲಾಗುತ್ತಿತ್ತು.

ನಾನು ತಮಿಳಿನಲ್ಲಿ "ವೀಟ್ಲ ರೆಂಡು ತಟ್ಟು..." ಎಂದು ಶುರು ಮಾಡಿದೆ. ಮುಂದೆ ಬರಲಿಲ್ಲ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. "ಯಾರ್ ವೀಟ್ಲ ಮ್ಮಾ?" ಎಂದು ಕೇಳಿದಳು. ಯಾರ ಮನೆಯಲ್ಲಿ ಅಮ್ಮಾ?

"ನಮ್ಮ ಮನೆಯಲ್ಲಿ," ಎಂದೆ.

ಆಮೇಲೆ ನಾನು ಅತ್ತದ್ದನ್ನು ಇಲ್ಲಿ ಬರೆಯುವುದಿಲ್ಲ. ಕಾರಿಡಾರಿನವರೆಗೂ ಕೇಳಿಸಿತಂತೆ. ಐ ಆ್ಯಮ್ ಸಾರಿ, ಮದರ್.

ಆ ದಿನ ಕೌನ್ಸೆಲರ್ ಮುಕ್ಕಾಲು ಗಂಟೆ ಕೇಳಿದಳು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಒಮ್ಮೆಯೂ ಗಡಿಯಾರ ನೋಡಲಿಲ್ಲ. "ಇವೆಲ್ಲ ಸಣ್ಣ ವಿಷಯ, ಬಿಡಿ," ಎಂದು ನಾನು ನಡುನಡುವೆ ಮಾತು ನಿಲ್ಲಿಸುತ್ತಿದ್ದೆ. ಮೂರು ಸಲ ಕೇಳಿದ ಮೇಲೆ ಕೊಲುಸಕ್ಕ ರೇಗಿದಳು. "ಸಣ್ದು ದೊಡ್ದು ನೀನ್ಯಾಕ್ ಆರಿಸ್ತೀಯ? ನಾನು ಉಜ್ಜಿದ್ ಜಾಗ ಗುಡಿಸ್ತೀನಲ್ಲ, ಆ ಕಸ ಎಸೀತೀನಾ? ಡಬ್ಬಕ್ ತುಂಬಿಡ್ತೀನಿ. ಅದ್ರಾಗೂ ಬೆಳ್ಳಿ ಐತೆ. ಸುಮ್ಕೆ ಎಲ್ಲಾ ಸುರಿ." ನಿಜ, ಅವಳ ಮನೆಯ ಕಸವನ್ನು ತಿಂಗಳಿಗೊಮ್ಮೆ ಕರಗಿಸುವವರು ಬಂದು ಒಯ್ಯುತ್ತಿದ್ದರು. ನಾನು ಎಲ್ಲ ಸುರಿದೆ. ತಂಗಿಯ ಚಪ್ಪಲಿಯ ವಿಷಯ, ಅವಳು ಅರ್ಧ ತಿದ್ದಿಟ್ಟ ನೋಟ್‌ಬುಕ್ಕಿನ ವಿಷಯ, ಆ ಭಾನುವಾರ ನಾನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ಮೇಲೆ ಸಿಡುಕಿದ ವಿಷಯ...

ಆಮೇಲೆ ಡಾಕ್ಟರ್ ನೋಡಿದರು. ಹದಿನೈದು ದಿನದ ಮಾತ್ರೆ ಕಾಗದದ ಪೊಟ್ಟಣದಲ್ಲಿ ಸಿಕ್ಕಿತು. ಒಂದು ಪೈಸೆ ಕೇಳಲಿಲ್ಲ. ನಡುವೆ ಕಷ್ಟ ಅನ್ನಿಸಿದರೆ ದುಡ್ಡಿಲ್ಲದೆ ಮಾತಾಡಬಹುದಾದ ಫೋನ್ ನಂಬರ್ ಗೋಡೆಯ ಮೇಲಿತ್ತು. ಕೌನ್ಸೆಲರ್ ಅದನ್ನು ನನ್ನ ಚೀಟಿಯ ಹಿಂದೆ ಬರೆದುಕೊಟ್ಟು, "ಹಗಲು ರಾತ್ರಿ ನೋಡಬೇಡಿ, ಮಾಡಿ," ಎಂದಳು.

ಹೊರಗೆ ಬಂದಾಗ ಬಸ್‌ಸ್ಟಾಪಿನಲ್ಲಿ ಒಬ್ಬ ಸೀಬೆಹಣ್ಣಿನ ಗಾಡಿ ನಿಲ್ಲಿಸಿದ್ದ. ಕೊಲುಸಕ್ಕ ಹಣ್ಣೊಂದನ್ನು ಎತ್ತಿ ಅವನ ಮುಖಕ್ಕೆ ಹಿಡಿದಳು. "ಎನ್ನಣ್ಣೇ, ಇದು ಕೊಯ್ಯಾವಾ, ಎಲುಮಿಚ್ಚಯಾ?" ಇದೇನು ಸೀಬೆಯೋ ನಿಂಬೆಯೋ ಎಂದು. ಅವನು ಒಂದು ಅಂದರೆ ಇವಳು ಹತ್ತು. ನಿಲ್ಲದ ತಮಿಳು, ಅಲ್ಪವಿರಾಮವೂ ಇಲ್ಲ. ನಾನು ಬೆಪ್ಪಾಗಿ ನಿಂತೆ.

"ತಮಿಳು ಬರಲ್ಲ ಅಂದೆಯಲ್ಲೇ?"

"ಇದು ಕೊಯ್ಯಾ ತಮಿಳು ಟೀಚರಮ್ಮ. ಬ್ಯಾರೆ," ಎಂದು ಹಣ್ಣನ್ನು ಸೆರಗಿಗೆ ಹಾಕಿಕೊಂಡಳು.

ಆ ಬಸ್‌ಸ್ಟಾಪಿನಲ್ಲಿ, ಅಳುವಿನಿಂದ ಊದಿದ ಮುಖದಲ್ಲಿ, ನಾನು ನಕ್ಕೆ. ತಂಗಿ ಹೋದ ಮೇಲೆ ಅದೇ ಮೊದಲು.

ಬಸ್ಸಿನಲ್ಲಿ ಅವಳು ತನ್ನ ಕಥೆ ಹೇಳಿದಳು, ಎರಡೇ ಮಾತಿನಲ್ಲಿ. ಚಿಕ್ಕ ಮಗ ಹುಟ್ಟಿದ ಮೇಲೆ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗುತ್ತಿರಲಿಲ್ಲವಂತೆ. ಗಾಳಿ, ಗ್ರಹ, ಎಲ್ಲ ನೋಡಿಸಿದ್ದರಂತೆ. ಕೊನೆಗೆ ಊರಿನ ನರ್ಸಮ್ಮ ಇದೇ ಕೋಣೆಗೆ ಕರೆತಂದಳಂತೆ. "ಏನ್ ಸೊಲ್ಲಿ ಕರ್ಕೊಂಬಂದ್ಳು ಗೊತ್ತಾ? ಮಗೀಗೆ ಸೂಜಿ ಆಕ್ಸ್‌ಬೇಕು ಬಾ ಅಂತ. ಬಂದ್ ನೋಡಿದ್ರೆ ಸೂಜಿ ಇಲ್ಲ, ಬರೀ ಮಾತು." ನನ್ನ ವಿಷಯ ಹೇಗೆ ತಿಳಿಯಿತು ಎಂದು ಕೇಳಿದೆ. "ನಮ್ಮಪ್ಪ ಕುರಿ ಕಾಯೋನು. ಇನ್ನೂರ್ ಕುರಿನಾಗೆ ಮೇವು ಬಿಟ್ಟಿದ್ದು ಯಾವ್ದು ಅಂತ ಸಂಜೀಗೇ ಸೊಲ್ಲೋನು. ನೀನ್ ಒಬ್ಳು, ಗೋಡೆ ಪಕ್ಕದಾಗೇ ಇದೀಯ. ಗೊತ್ತಾಗಲ್ವಾ?"

ಇದೆಲ್ಲ ಒಂದೇ ದಿನದಲ್ಲಿ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಮಾತ್ರೆಯಿಂದ ಬಾಯಿ ಒಣಗುವುದು ಬಿಟ್ಟರೆ ಬೇರೇನೂ ಆಗಲಿಲ್ಲ. ಎರಡು ಸಲ "ಇನ್ನು ಬರಲ್ಲ" ಎಂದೆ. ಅವಳು ಉಜ್ಜುವ ಕೆಲಸ ಬಿಟ್ಟು ಬಾಗಿಲಲ್ಲಿ ಕೂತಳು, ನಾನು ಸೀರೆ ಉಡುವವರೆಗೆ. ಒಂದು ಬೆಳಿಗ್ಗೆ ಯಾಕೋ ತೊಗರಿಬೇಳೆಯ ಸಾರು ಬೇಕೆನಿಸಿ ಕುಕ್ಕರ್ ಇಟ್ಟೆ. ಮೊದಲ ಕೂಗು ಕೂಗಿದ್ದೇ ತಡ, ಗೋಡೆಯ ಆಚೆಯಿಂದ ಬ್ರಷ್ಷಿನ ಹಿಡಿಯಲ್ಲಿ ದಬ್ ದಬ್ ಎಂದು ಎರಡು ಏಟು! ಅಂದಿನಿಂದ ಅದೇ ಪದ್ಧತಿಯಾಯಿತು. ಕುಕ್ಕರ್ ಕೂಗಿದರೆ ಗೋಡೆಗೆ ಎರಡು ಏಟು. ಅದೇ ವರ್ಷ ಪೊಂಗಲ್ ಹಬ್ಬದ ದಿನ ಎರಡನೆಯ ತಟ್ಟೆಯನ್ನು ನಾನೇ ಇಳಿಸಿ ತೊಳೆದೆ. ಅದರಲ್ಲಿ ಉಂಡವಳು ಕೊಲುಸಕ್ಕ. "ಉಪ್ಪು ಜಾಸ್ತಿ," ಎಂದಳು. ನಾನು ಸಿಡುಕಲಿಲ್ಲ.

ಚೆನ್ನಾದ ಮೇಲೊಮ್ಮೆ ಕೌನ್ಸೆಲರ್ ನಗುತ್ತಾ ಹೇಳಿದಳು: ಕೊಲುಸಕ್ಕ ಕರೆತಂದವರಲ್ಲಿ ನಾನು ಆರನೆಯವಳಂತೆ. ಹೂವಿನವಳು ಐದನೆಯವಳು. "ಹೂವಿನಮ್ಮ ಬಂದಾಗ ನಿಮ್ಮ ಕೊಲುಸಕ್ಕನಿಗೆ ಕಿವಿ ಕೇಳಿಸ್ತಿರಲಿಲ್ಲ ಮೇಡಂ. ಎಲ್ಲಾನೂ ಹೂವಿನಮ್ಮನೇ ಜೋರಾಗಿ ಹೇಳಬೇಕಾಯ್ತು."

ಟ್ಯೂಷನ್ ಮಕ್ಕಳು ಮರಳಿ ಬಂದರು. ಈಗ ಮಂಗಳವಾರಗಳಲ್ಲಿ ನಾನೂ ಆ ಬೆಂಚಿನ ಮೇಲೆ ಕೂರುತ್ತೇನೆ, ಚೀಟಿ ಓದಿ ಹೇಳಲು, ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಪೊಟ್ಟಣದ ಮೇಲೆ ಸೂರ್ಯ ಚಂದ್ರ ಬರೆದುಕೊಡಲು. ಹಳ್ಳಿ ಕಡೆಯಿಂದ ಬರುವ ನಮ್ಮವರಿಗೆ ಕನ್ನಡದಲ್ಲಿ ಒಂದು ಮಾತು ಸಿಕ್ಕರೆ ಮುಖ ಸಡಿಲವಾಗುತ್ತದೆ.

ಕೊಲುಸಕ್ಕ ಹೋಗಿ ಮೂರು ವರ್ಷವಾಯಿತು. ಎದೆನೋವು ಅಂದಳು, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಎಲ್ಲರ ಮೇವು ನೋಡುತ್ತಿದ್ದವಳು, ತನ್ನ ಎಡಗೈ ಜೋಮು ಹಿಡಿಯುತ್ತಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ನಾನಾದರೂ ನೋಡಬೇಕಿತ್ತು... ನೋಡಲಿಲ್ಲ. ಅವಳ ಮಕ್ಕಳು ನನಗೆ ಆ ಹಿತ್ತಾಳೆ ಬ್ರಷ್ ಕೊಟ್ಟರು. ಗೋಡೆಯ ಆಚೆ ಈಗ ಬೇರೆಯವರಿದ್ದಾರೆ, ಯಾವಾಗಲೂ ಟಿ.ವಿ. ಕುಕ್ಕರ್ ಕೂಗಿದಾಗ ಇಂದಿಗೂ ನನ್ನ ಕಿವಿ ಒಂದು ಗಳಿಗೆ ಗೋಡೆಗೆ ಹೋಗಿ ವಾಪಸ್ ಬರುತ್ತದೆ. ಆದರೆ ಅವಳು ಹೋದಾಗ ನಾನು ಮೂರು ದಿನ ಕಾಯಲಿಲ್ಲ. ಅವಳ ಮಣ್ಣು ಮುಗಿದ ಮರುದಿನವೇ ಬಸ್ ಹತ್ತಿ ಹೋಗಿ, ಆ ಫ್ರಿಜ್ಜಿನ ಪಕ್ಕ ಕೂತು, ಸಣ್ಣದು ದೊಡ್ಡದು ಆರಿಸದೆ ಎಲ್ಲ ಸುರಿದು ಬಂದೆ.

ಹೋದ ಮಂಗಳವಾರದ ಹುಡುಗಿಗೆ ಬರುತ್ತೇನೆ. ಟೋಕನ್ ಹತ್ತಿರವಾದಂತೆ ಅವಳು ಎದ್ದು ಹೋಗುವವಳ ಹಾಗೆ ಬೆಂಚಿನ ತುದಿಗೆ ಸರಿದಳು. ನನಗೆ ಗಾಬರಿಯಾಯಿತು. ಕೊಲುಸಕ್ಕನಾಗಿದ್ದರೆ ಏನು ಮಾಡುತ್ತಿದ್ದಳು? ತಕ್ಷಣ ಚೀಲದಲ್ಲಿದ್ದ ನನ್ನದೊಂದು ಹಳೆಯ ಚೀಟಿ ತೆಗೆದು ಅವಳ ಮುಂದೆ ಹಿಡಿದೆ.

"ಮಗಳೇ, ನನಗೆ ಕಣ್ಣು ಕಾಣಲ್ಲ. ಕನ್ನಡಕ ಮನೆಯಲ್ಲೇ ಮರೆತೆ. ಒಳಗೆ ಬಂದು ಇದನ್ನ ಸ್ವಲ್ಪ ಓದಿ ಹೇಳ್ತೀಯಾ?"

ಅವಳು ಚೀಟಿ ನೋಡಿದಳು. ನನ್ನನ್ನು ನೋಡಿದಳು. "ಅಜ್ಜಿ," ಎಂದಳು, "ಕನ್ನಡಕ ನಿಮ್ ತಲೆ ಮ್ಯಾಗೇ ಐತೆ."

ಕೈ ಹಾಕಿ ನೋಡಿದೆ. ಇತ್ತು. ಅರವತ್ತು ವರ್ಷದ ಹಿಂದಿನ ನನ್‌ಗಳು ಸುಳ್ಳು ಹೇಳುವುದನ್ನೊಂದು ಕಲಿಸಲಿಲ್ಲ ನೋಡಿ. ಕೊಲುಸಕ್ಕನಷ್ಟು ಚೆನ್ನಾಗಿ ನನಗೆ ಎಂದೂ ಬರುವುದಿಲ್ಲ.

ಹುಡುಗಿ ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಅವಳು ಮುಷ್ಟಿ ಬಿಚ್ಚಿ, ಚೀಟಿಯ ಒಂದೊಂದೇ ಮಡಿಕೆ ತೆಗೆಯುತ್ತಾ, ತಲೆ ತಗ್ಗಿಸಿ ಹೇಳಿದಳು: "ನಂಗೆ ಶುಗರ್ ಇಲ್ಲ ಅಜ್ಜಿ."

"ನನಗೂ ಇಲ್ಲಮ್ಮ," ಎಂದೆ.

ಟೋಕನ್ ಕರೆದರು. ಅವಳು ಎದ್ದು, ನನ್ನ ಕೈ ಹಿಡಿದಳು. ಯಾರು ಯಾರನ್ನು ಕರೆದುಕೊಂಡು ಹೋದರೋ, ಒಳಗೆ ಹೋದೆವು. ಸಂಜೆ ಮನೆಗೆ ಬಂದು ಊಟಕ್ಕೆ ತಟ್ಟೆ ಇಟ್ಟಾಗ ನೋಡುತ್ತೇನೆ, ನನ್ನ ಅಂಗೈಯಲ್ಲಿ ಅಂಟುವಾಳದ ವಾಸನೆ ಇನ್ನೂ ಇತ್ತು. ಊಟಕ್ಕೆ ಕೈ ತೊಳೆದರೆ ನನ್ನ ಕೈಯಿಂದ ಅದು ಹೋಗಿಬಿಡುತ್ತಿತ್ತು... ಅವತ್ತು ಚಮಚದಲ್ಲಿ ಉಂಡೆ.